ಮಣ್ಣು ಒಣಗಿಸುವ ಪೆಟ್ಟಿಗೆ

“ಬುದ್ಧಿ, ಮಠದ ಉಗ್ರಾಣಕ್ಕೆ ಹೊಸದಾಗಿ ಸೇರಿದವನ ಮೇಲೆ ನನಗೆ ನಂಬಿಕೆ ಬರುತ್ತಿಲ್ಲ. ಬಿಡದೆ ಕಣ್ಣಿಟ್ಟರೆ ನಿಜ ಹೊರಗೆ ಬೀಳುತ್ತದಲ್ಲವೇ?” ಎಂದು ಶಿಷ್ಯ ಪುಟ್ಟಬಸವ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಪ್ಲಾಸ್ಟಿಕ್ ಕುರ್ಚಿ ಮಾಡಿಸುತ್ತಿದ್ದ. ಬರೀ ಪ್ಲಾಸ್ಟಿಕ್ಕಿನ ಕುರ್ಚಿ, ದಪ್ಪಗಿರುವವರು ಕೂತರೆ ಕಾಲು ಚಾಚಿಬಿಡುತ್ತದೆ. ಅದಕ್ಕೆ ನಯವಾದ ಬಿಳಿ ಜೇಡಿಮಣ್ಣಿನ ಪುಡಿ ಬೆರೆಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಹದ ಮೀರಿ ಬೆರೆಸಿದರೆ ಮಾತ್ರ ಪಟಕ್ಕನೆ ಮುರಿಯುತ್ತದೆ. ಆ ಕೆಲಸಕ್ಕೆ ಅವನು ಒಬ್ಬ ಆಳನ್ನು ಇಟ್ಟುಕೊಂಡಿದ್ದ. ಆಳು ಪುಡಿಯನ್ನು ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಚೆನ್ನಾಗಿ ಒಣಗಿಸಿ, ಆಮೇಲೆ ಕರಗಿದ ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದ.

ಮಣ್ಣು ಅಗ್ಗ, ಪ್ಲಾಸ್ಟಿಕ್ಕು ದುಬಾರಿ. ಈ ವಿಚಾರ ಒಂದು ದಿನ ವ್ಯಾಪಾರಿಯ ತಲೆ ಹೊಕ್ಕಿತು. ಹೊಕ್ಕದ್ದು ಹೊರಗೆ ಬರಲಿಲ್ಲ. ಈ ಆಳು ಮಣ್ಣು ಹೆಚ್ಚು ಸುರಿದು, ಉಳಿದ ಪ್ಲಾಸ್ಟಿಕ್ಕನ್ನು ಹಿಂಬಾಗಿಲಿಂದ ಸಾಗಿಸುತ್ತಿದ್ದರೆ? ಆಧಾರ ಏನೂ ಇರಲಿಲ್ಲ. ಅನುಮಾನಕ್ಕೆ ಅದೆಲ್ಲ ಎಲ್ಲಿ ಬೇಕು? ಮಳೆಗಾಲ ಬೇರೆ. ವ್ಯಾಪಾರಿ ಗಳಿಗೆಗೊಮ್ಮೆ ಬಂದು, ಪೆಟ್ಟಿಗೆಯ ಮುಚ್ಚಳ ತೆಗೆದು, ಮಣ್ಣು ಎಷ್ಟಿದೆ ಎಂದು ಇಣುಕತೊಡಗಿದ.

“ಮುಚ್ಚಳ ತೆಗೀಬೇಡಿ ಯಜಮಾನ್ರೇ. ಒಣಗಿದ ಮಣ್ಣು ಮತ್ತೆ ತೇವ ಎಳ್ಕೊಂಡ್ಬಿಡ್ತದೆ” ಎಂದ ಆಳು.

“ನಾನು ನೋಡಬಾರದ್ದು ಅದರೊಳಗೆ ಏನಿದೆಯಪ್ಪಾ?” ಎಂದ ವ್ಯಾಪಾರಿ. ಅಂದಿನಿಂದ ಇನ್ನೂ ಹೆಚ್ಚು ಸಲ ತೆಗೆದ.

ಮಣ್ಣಿಗೆ ಸೇರಿದ ತೇವ ಕಾದ ಪ್ಲಾಸ್ಟಿಕ್ಕಿನಲ್ಲಿ ಆವಿಯಾಯಿತು. ಕುರ್ಚಿಗಳ ಕಾಲಿನೊಳಗೆಲ್ಲ ಗುಳ್ಳೆ ಕಟ್ಟಿತು. ಯಾರದೋ ಮದುವೆಯಲ್ಲಿ ಬೀಗರು ಕುರ್ಚಿಯ ಸಮೇತ ನೆಲಕ್ಕೆ ಬಿದ್ದರು. ವ್ಯಾಪಾರಿಗೆ ನಷ್ಟವಾಯಿತು. ಆದರೂ ಒಳಗೊಳಗೇ ಒಂದು ಸಮಾಧಾನ: ನಾನು ಅಂದುಕೊಂಡದ್ದೇ ಸರಿ, ಇವನು ಮಣ್ಣು ಹೆಚ್ಚು ಸುರಿದಿದ್ದಾನೆ. ಆಳನ್ನು ಎಲ್ಲರೆದುರು ಕಳ್ಳನೆಂದು ಕರೆದು ಹೊರಗೆ ಹಾಕಿದ. ಆ ಹೆಸರು ಹೊತ್ತವನನ್ನು ಬೇರೆ ಯಾರೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಪಾಪ, ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರನ್ನೇ ಬಿಟ್ಟ.

ಇನ್ನೊಬ್ಬ ಬಂದ. ಈ ಸಲ ವ್ಯಾಪಾರಿ ಮೊದಲ ದಿನದಿಂದಲೇ ಎಚ್ಚರವಾಗಿದ್ದ. ಪೆಟ್ಟಿಗೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತು, ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದ. ಕುರ್ಚಿಗಳು ಮತ್ತೆ ಮುರಿದವು. ಅವನನ್ನೂ ಕಳಿಸಿದ. ಅವನ ನಂತರ ಬಂದವನನ್ನೂ ಕಳಿಸಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪುಟ್ಟಬಸವನಿಗೆ ತಡೆಯಲಾಗಲಿಲ್ಲ.

“ಕೊನೆಗಾದರೂ ಅವನಿಗೆ ನಿಜ ತಿಳಿಯಿತೇ, ಬುದ್ಧಿ?”

“ತಿಳಿಯಿತು,” ಎಂದರು ಗುರುಗಳು, “ಊರಿನಲ್ಲಿ ತಾನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕಳ್ಳರೆಂದು.”