ಗಡಿಕೋಟೆಯ ಅಂಗಳದಲ್ಲಿ ಯಿಂಚು ಮಾತೆಯವರು

ಮಂಗೋಲರ ಕುದುರೆಗಳು ಲೋಕವನ್ನು ನಡುಗಿಸುವುದಕ್ಕೆ ಎರಡು ತಲೆಮಾರು ಮುಂಚಿನ ಮಾತು. ಗೋಬಿ ಮರುಭೂಮಿಯ ಅಂಚಿನಲ್ಲಿ, ಉತ್ತರ ಚೀನಾವನ್ನು ಆಳುತ್ತಿದ್ದ ಜುರ್ಚೆನ್ ಅರಸರ ಗಡಿಕೋಟೆಯೊಂದಕ್ಕೆ ಅರ್ಧ ದಿನದ ದಾರಿಯಲ್ಲಿ, ಉಯ್ಘುರ್ ಭಿಕ್ಷುಣಿ ಪೂಜ್ಯ ಯಿಂಚು ಮಾತೆಯವರು ಮಣ್ಣಿನ ಗುಡಿಸಲಿನಲ್ಲಿ ವಾಸವಾಗಿದ್ದರು. ಕೋಟೆಯ ಸೈನಿಕನ ಗಾಯಕ್ಕೂ ಹುಲ್ಲುಗಾವಲಿನ ಅಲೆಮಾರಿಯ ಗಾಯಕ್ಕೂ ಅವರು ಒಂದೇ ಅಕ್ಕರೆಯಿಂದ ಮದ್ದು ಕಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಕೋಟೆಯ ದುಭಾಷಿ ಅಗುಜಿ ಬಂದ. ಅವನು ಖಿತಾನ್ ಕುಲದವನು. ತನ್ನವರ ರಾಜ್ಯವನ್ನು ನುಂಗಿದ ಜುರ್ಚೆನ್ನರ ಸೇವೆಯಲ್ಲೇ ಹೊಟ್ಟೆ ಹೊರೆಯುತ್ತಿದ್ದ.

“ದಂಡನಾಯಕರು ಅಲೆಮಾರಿ ಹಿರಿಯರನ್ನು ಸಂಧಿಯ ಊಟಕ್ಕೆ ಕರೆಯುತ್ತಿದ್ದಾರೆ, ತಾಯಿ. ನೀವು ಹೇಳಿದರೆ ಮಾತ್ರ ಅವರು ಬರುತ್ತಾರೆ.”

“ನಿಜವೇ?”

“ನಿಜ” ಎಂದ ಅಗುಜಿ. ಬೇಡಿಗಳು ಸಿದ್ಧವಾಗಿರುವುದು ಅವನಿಗೆ ಗೊತ್ತಿತ್ತು. ಮಾತು ತನ್ನದಲ್ಲ, ತಾನು ಬರೀ ದಾಟಿಸುವವನು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ.

ಮಾತೆಯವರ ಮಾತು ನಂಬಿ ಏಳು ಹಿರಿಯರು ಆಯುಧವಿಲ್ಲದೆ ಬಂದರು. ತುತ್ತು ಬಾಯಲ್ಲಿರುವಾಗಲೇ ಅವರ ಕೈಗೆ ಬೇಡಿ ಬಿತ್ತು. ಪ್ರತಿಭಟಿಸಿದ ವೃದ್ಧ ಬುರುಲ್ತಾಯ್‌ನನ್ನು ಬಾಗಿಲ ಬಳಿಯೇ ಬಡಿದು ಕೊಂದರು. ಅತಿಥಿಯನ್ನು ಹೀಗೆ ಕೊಲ್ಲುವವರಿಗೆ ರಾಜ್ಯವೊಂದು ಕೇಡು!

ಸುದ್ದಿ ಕೇಳಿದ ಮಾತೆಯವರು ನಡೆದೇ ಕೋಟೆಗೆ ಬಂದರು. ಬೇಡಿ ತೊಟ್ಟ ಹಿರಿಯರನ್ನು ಕೂರಿಸಿದ್ದ ನಡುಮಧ್ಯಾಹ್ನದ ಅಂಗಳದಲ್ಲಿ ದಂಡನಾಯಕನ ಎದುರು ನಿಂತು ಅಲೆಮಾರಿಗಳ ಭಾಷೆಯಲ್ಲಿ ನುಡಿದರು: “ಉಣ್ಣುವ ಕೈಗೆ ಬೇಡಿ ಹಾಕಿದವನೇ, ನಿನ್ನ ಅರಸನ ಮುದ್ರೆಗಿಂತ ನಾಯಿಯ ಬೊಗಳು ಮೇಲು. ಅದು ಸುಳ್ಳಾಡುವುದಿಲ್ಲ.”

ಅಗುಜಿ ದಂಡನಾಯಕನಿಗೆ ಅವನ ನುಡಿಯಲ್ಲಿ, “ಮಾತೆಯವರು ಕರುಣೆ ಬೇಡುತ್ತಿದ್ದಾರೆ, ಪ್ರಭು” ಎಂದ.

ಮಾತೆಯವರು ಅವನ ಕಡೆ ತಿರುಗಿದರು. ಸೈನಿಕರ ಹಾಸಿಗೆಯ ಪಕ್ಕದಲ್ಲಿ ಕಲಿತ ಅಚ್ಚ ಜುರ್ಚೆನ್ ನುಡಿಯಲ್ಲಿ, “ನಾನು ಬೇಡಲಿಲ್ಲ, ಅಗುಜಿ. ನಾನು ಹೇಳಿದ್ದನ್ನು ಹೇಳು” ಎಂದರು.

ಉಳಿದದ್ದನ್ನು ಅವರೇ ಹೇಳಬಹುದಿತ್ತು, ಹೇಳಲಿಲ್ಲ, ಕಾದರು. ಅಗುಜಿಗೆ ನಾಚಿಕೆಯಿಂದ ಮೈ ಉರಿಯಿತು. ಕೊನೆಗೆ ಒಂದಕ್ಷರ ಬಿಡದೆ ಹೇಳಿದ. ಆಮೇಲೆ ಕೋಟೆಗೋಡೆಯ ಮೇಲೆ ಕಾವಲಿದ್ದ ತನ್ನ ಕುಲದ ಖಿತಾನ್ ಸವಾರರತ್ತ ತಿರುಗಿ, ತನ್ನ ತಾಯ್ನುಡಿಯಲ್ಲಿ ಕೂಗಿದ: “ಈ ತಾಯಿಗೆ ಸುಳ್ಳು ಹೇಳಿದವನು ನಾನು! ಅನ್ನ ತೋರಿಸಿ ಇವರನ್ನು ಹಿಡಿದುಕೊಟ್ಟವನು ನಾನು!”

ಮಾತೆಯವರ ಕೈಯಿಂದ ಮದ್ದು ಕಟ್ಟಿಸಿಕೊಂಡಿದ್ದ ಆ ಸವಾರರು ಒಬ್ಬೊಬ್ಬರಾಗಿ ಕೆಳಗಿಳಿದು ಸೆರೆಯಾಳುಗಳ ಮುಂದೆ ನಿಂತರು. ಅರ್ಧ ಪಡೆಯೇ ಅವರದು. ದಂಡನಾಯಕ ಹಿರಿದ ಕತ್ತಿಯನ್ನು ಹಲ್ಲು ಕಡಿಯುತ್ತಾ ಒರೆಗೆ ಸೇರಿಸಿದ. ಆರು ಜನರ ಬೇಡಿ ಕಳಚಿತು.

ಅಗುಜಿ ಮಾತೆಯವರ ಪಾದಕ್ಕೆ ಬಿದ್ದ. ಅವರು ಸಂತೈಸಲಿಲ್ಲ. “ಏಳು. ಬುರುಲ್ತಾಯ್‌ನ ಮನೆಯಲ್ಲೂ ಹೇಳು” ಎಂದಷ್ಟೇ ಅಂದರು.

ಮೂರು ದಿನ ಕುದುರೆಯ ಮೇಲೆ ಹೆಣ ಹೊತ್ತು ಅಗುಜಿ ಆ ವೃದ್ಧನ ಡೇರೆ ತಲುಪಿದ. ಹೆಂಡತಿ ಸೊಚಿಗೆಲ್ ಎದುರು ಏನನ್ನೂ ಮುಚ್ಚಿಡದೆ ಹೇಳಿದ. ಆಕೆ ಕ್ಷಮಿಸಲಿಲ್ಲ, ಶಪಿಸಲೂ ಇಲ್ಲ. ಎದ್ದು ಕುದುರೆಯ ಬಳಿಗೆ ಬಂದು ಗಂಡನ ತಲೆಗೆ ಕೈಯಾಸರೆ ಕೊಟ್ಟಳು; ಕಾಲುಗಳನ್ನು ಹಿಡಿಯುವಂತೆ ಅಗುಜಿಗೆ ಕಣ್ಣಲ್ಲೇ ಸೂಚಿಸಿದಳು. ಇಬ್ಬರೂ ಸೇರಿ ಅವನನ್ನು ಮೆಲ್ಲಗೆ ಕೆಳಗಿಳಿಸಿದರು.