ಸೋತಕುದುರೆಪಾಳ್ಯ

ನಗರದ ಗದ್ದಲ ಮುಗಿಯುವಲ್ಲಿ ಬಸ್ಸು ಎಡಕ್ಕೆ ಹೊರಳಿದೊಡನೆ ಬಿಸಿಲು ಮಾಯವಾಗುತ್ತದೆ. ರಸ್ತೆಯ ಎರಡೂ ಬದಿಯ ಹೊಂಗೆ, ಹಿಪ್ಪೆ, ಆಲದ ಮರಗಳು ತಲೆಯ ಮೇಲೆ ಒಂದರೊಳಗೊಂದು ಹೆಣೆದುಕೊಂಡಿವೆ. ಅವುಗಳ ಮರೆಯಲ್ಲಿ ಹಂಚಿನ ಮಾಡಿನ ಹಳೆಯ ಬಂಗಲೆಗಳು, ಕಲ್ಲುಚಪ್ಪಡಿಯ ಜಗಲಿಗಳು. "ಸೋತ್ಕುದ್ರೆ, ಸೋತ್ಕುದ್ರೆ! ಯಾರ‍್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿದಾಗ ಹೊಸಬರಿಗೆ ನಗು. ಭಾನುವಾರ ನೆರಳು ಹುಡುಕಿಕೊಂಡು ಬರುವವರು ಇಲ್ಲೇ ವಾಸವಿರುವ ನನ್ನನ್ನು ಕೇಳುವುದೂ ಅದನ್ನೇ: ಇಷ್ಟು ಚೆಂದದ ಜಾಗಕ್ಕೆ ಸೋಲಿನ ಹೆಸರೇಕೆ? ಸೋತದ್ದು ಕುದುರೆ, ಊರಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಿಂದೆ ಒಮ್ಮೆ, ಈ ನಗರ ಇನ್ನೂ ಒಂದು ಮಣ್ಣಿನ ಕೋಟೆಯಷ್ಟೇ ಆಗಿದ್ದಾಗ, ಇಲ್ಲಿ ದೊಡ್ಡ ತೋಪಿತ್ತು. ಅದರ ಅಂಚಿನಲ್ಲಿ ಹರಿಕಾರರ ಗುಡಿಸಲುಗಳಿದ್ದವು. ಪಾಳೆಯಗಾರನ ಓಲೆಗಳನ್ನು ಊರಿಂದೂರಿಗೆ ಓಡಿ ಮುಟ್ಟಿಸುವುದು ಅವರ ಕಸುಬು. ಅವರಲ್ಲಿ ಮುದ್ದವೀರಮ್ಮ ಎಂಬವಳಿದ್ದಳು. ಗಂಡ ದಾರಿಯಲ್ಲಿ ಹಾವು ಕಚ್ಚಿ ಸತ್ತಾಗ, ಅವನ ಗೆಜ್ಜೆಕೋಲನ್ನು ಕೈಗೆತ್ತಿಕೊಂಡು, ಅರ್ಧ ದಾರಿಯಲ್ಲಿ ಉಳಿದಿದ್ದ ಓಲೆಯನ್ನು ಮುಟ್ಟಿಸಿ ಬಂದವಳು. ಆಮೇಲೆ ಆ ಕೋಲನ್ನು ಅವಳು ಕೆಳಗಿಡಲೇ ಇಲ್ಲ ಎನ್ನುತ್ತಾರೆ.

ಆಗಿನ ಪಾಳೆಯಗಾರ ಚಿಕ್ಕಭೈರ ನಾಯಕ ಕಡಲಾಚೆಯಿಂದ ಒಂದು ಅರಬ್ಬಿ ಕುದುರೆಯನ್ನು ತರಿಸಿದ. ಅದರ ಓಟಕ್ಕೆ ಬಯಲು ಬೇಕಾಯಿತು. ತೋಪು ಕಡಿದು ಗುಡಿಸಲು ಕೀಳಿರಿ ಎಂದು ಅಪ್ಪಣೆಯಾಯಿತು. ನೆಂಟರೊಡನೆ ಜಾಗ ನೋಡಲು ಬಂದ ನಾಯಕ ಕುದುರೆಯ ಕತ್ತು ಸವರುತ್ತ, "ಇನ್ನು ಓಲೆ ಒಯ್ಯುವುದಕ್ಕೂ ಇದೊಂದೇ ಸಾಕು. ನಿಮ್ಮ ಕಾಲುಗಳಿಗೇನು ಕೆಲಸ?" ಎಂದ. ಕೈಮುಗಿದು ನಿಂತವರ ನಡುವಿನಿಂದ ಮುದ್ದವೀರಮ್ಮ ಮುಂದೆ ಬಂದಳು.

"ಬುದ್ಧೀ, ಕುದುರೆ ನಮಗಿಂತ ಜೋರಾಗಿ ಓಡ್ತದೆ. ಆದ್ರೆ ನಮ್ಮಷ್ಟು ಹೊತ್ತು ಓಡಾಕಿಲ್ಲ."

ನೆಂಟರು ನಕ್ಕರು. ನಾಯಕನ ಮುಖ ಕೆಂಪಾಯಿತು. ಅಲ್ಲೇ ಪಂದ್ಯ ಗೊತ್ತಾಯಿತು: ಮರುದಿನ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಅವಳೂ ಕುದುರೆಯೂ ತೋಪಿಗೂ ಕೋಟೆ ಬಾಗಿಲಿಗೂ ನಡುವೆ ಓಡುತ್ತಲೇ ಇರಬೇಕು, ಮೊದಲು ನಿಂತವರು ಸೋತಂತೆ. ಅವಳು ಗೆದ್ದರೆ ತೋಪು ಹರಿಕಾರರದು; ಸೋತರೆ ಎಲ್ಲರೂ ಆಗಲೇ ಊರು ಬಿಡಬೇಕು. "ಎಲ್ಲರ ತಲೆ ಮೇಲೂ ಕಲ್ಲು ಹಾಕಿದೆಯಲ್ಲವ್ವಾ!" ಎಂದು ಅವಳ ಮಾವ ಹಲುಬಿದ. "ಈ ನೆಳ್ಳು ಹೋದಮೇಲೆ ನಾವು ಎಲ್ಲಿಗೆ ಹೋಗಾನ, ಮಾವ?" ಎಂದಳು ಅವಳು.

ಕಡುಬೇಸಿಗೆ. ಬೆಳಿಗ್ಗೆ ಕುದುರೆ ಧೂಳೆಬ್ಬಿಸಿಕೊಂಡು ಕಣ್ಮರೆಯಾದಾಗ ಹರಿಕಾರರ ಹೆಂಗಸರು ಪಾತ್ರೆಪಗಡೆ ಗಂಟು ಕಟ್ಟತೊಡಗಿದರು. ಮುದ್ದವೀರಮ್ಮ ಮಾತ್ರ ಎಂದಿನ ಹದದಲ್ಲೇ, ಗೆಜ್ಜೆಯ ಸದ್ದು ತಪ್ಪದಂತೆ ಓಡಿದಳು. ಯಾರೋ ಚಾಚಿದ ಚೆಂಬಿನಿಂದ ಓಡುತ್ತಲೇ ನೀರು ಕುಡಿದಳು, ಓಡುತ್ತಲೇ ತಲೆಗೆ ಸುರಿದುಕೊಂಡಳು. ಮಧ್ಯಾಹ್ನ ದಾಟಿತು. ಕುದುರೆಯ ಮೈಯೆಲ್ಲ ನೊರೆಯಾಯಿತು. ಹೊತ್ತು ಇಳಿಯುವ ವೇಳೆಗೆ, ನೆರಳಿಲ್ಲದ ಬಯಲಿನ ನಡುವೆ, ಅದು ನಾಲ್ಕು ಕಾಲನ್ನೂ ಊರಿ ನಿಂತೇಬಿಟ್ಟಿತು. ರಾವುತ ಚಾವಟಿ ಎತ್ತಿದ, ಅದು ಕದಲಲಿಲ್ಲ.

ಹಿಂದಿನಿಂದ ಬಂದ ಮುದ್ದವೀರಮ್ಮ ಅದನ್ನು ದಾಟಿ ಹೋಗಬಹುದಿತ್ತು. ಅವಳು ಕುದುರೆಯ ಸುತ್ತ ಓಡುತ್ತಲೇ, "ಇಳಿಯೋ ಕೆಳಗೆ! ಅದರ ಬಾಯಿ ನೋಡು, ಸಾಯ್ತದೆ!" ಎಂದು ಗದರಿದಳು. ಅವಳ ದನಿಗೆ ಬೆದರಿ ರಾವುತ ಇಳಿದ. ಅವಳು ಜೀನು ಬಿಚ್ಚಿಸಿ, ಕಡಿವಾಣ ಹಿಡಿದು ಮೆಲ್ಲಗೆ ಹೆಜ್ಜೆ ಹಾಕಿದಳು. ಭಾರ ಕಳೆದ ಕುದುರೆ ತಲೆ ತಗ್ಗಿಸಿ ಅವಳ ಹಿಂದೆ ಬಂತು. ಸೂರ್ಯ ಮುಳುಗುವಾಗ ಇಬ್ಬರೂ ತೋಪಿನೊಳಗೆ ಬಂದರು. ಕುದುರೆ ತೊಟ್ಟಿಗೆ ಮುಖವಿಟ್ಟು ನೀರು ಕುಡಿಯಿತು. ಹರಿಕಾರರೆಲ್ಲ ಕೋಲುಗಳನ್ನು ಒಟ್ಟಿಗೆ ನೆಲಕ್ಕೆ ಕುಟ್ಟಿದರು. ಆ ಗೆಜ್ಜೆಗಳ ಮೊರೆತ ಕೋಟೆಯವರೆಗೂ ಕೇಳಿಸಿತಂತೆ.

ತೋಪಿನಲ್ಲಿ ಕಾದು ಕೂತಿದ್ದ ನಾಯಕ ಆಸನದಿಂದ ಇಳಿದು ಬಂದು ಕುದುರೆಯ ಕತ್ತು ಸವರಿದ. ಆಮೇಲೆ, "ತೋಪು ನಿಮ್ಮದು. ಇನ್ನೇನು ಬೇಕು ಕೇಳು ತಾಯಿ" ಎಂದ. "ಈ ಕುದುರೆಗೆ ಇನ್ನು ಹೊಡೀಬೇಡಿ, ಬುದ್ಧೀ" ಎಂದಳು. ತೋಪಿಗೆ ಅವಳ ಹೆಸರಿಡಲು ನಾಯಕ ಹೇಳಿದರೂ ಜನ ಕೇಳಲಿಲ್ಲ. ಮುಂದೆ ಬರುವ ದೊರೆಗಳಿಗೆ ನೆನಪಿರಲಿ ಎಂದು ಅವರೇ ಸೋತ ಕುದುರೆಯ ಈ ಹೆಸರನ್ನು ಇಟ್ಟುಕೊಂಡರು ಎನ್ನುತ್ತಾರೆ.

ಈಗಲೂ ಬಂದವರು ಮೂರನೆಯ ಅಡ್ಡರಸ್ತೆಯ ಕೊನೆಯವರೆಗೆ ನಡೆದರೆ ಆಲದ ಬುಡದಲ್ಲಿ ಎದೆಯೆತ್ತರದ ಒಂದು ಕಲ್ಲು ಕಾಣುತ್ತದೆ. ಅದರಲ್ಲಿ ಸೆರಗು ಸಿಕ್ಕಿಸಿದ ಹೆಣ್ಣೊಬ್ಬಳು ಓಡುತ್ತಿದ್ದಾಳೆ. ಮಳೆಗಾಳಿಗೆ ಮುಖ ಸವೆದಿದೆ. ಎಡಗಾಲು ಮಾತ್ರ ಇನ್ನೂ ಸ್ಪಷ್ಟವಾಗಿದೆ, ನೆಲದಿಂದ ಗೇಣು ಮೇಲಕ್ಕೆ.