ಫಕೀರವ್ವನ ರೊಟ್ಟಿಯ ಸೀಮೆ

ಇದು ನಡೆದದ್ದು ಹೋದ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ, ಮೊದಲ ಸೆಮಿಸ್ಟರ್‌ನಲ್ಲಿ.

ಕೊಪ್ಪಳದ ಕಡೆ ಒಂದು ಊರು. ಆ ಊರಲ್ಲಿ ಫಕೀರವ್ವ ಎಂಬಾಕೆ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಅವಳಿಗೆ ಒಬ್ಬನೇ ಮಗ, ಗವಿಸಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಹಾಲು ಉಕ್ಕುತ್ತದೇನೋ ನೋಡು ಎಂದರೆ, ಉಕ್ಕಿ ಒಲೆ ಆರುವವರೆಗೆ ನೋಡಿ, ‘ಉಕ್ಕಿತು ಅವ್ವ’ ಎಂದು ಬಂದು ಹೇಳುವವನು.

ಇಂಥವನಿಗೆ ಊರಾಚೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಒಂದು ವಿಷಯ ಪ್ರಾದೇಶಿಕ ಭೂಗೋಳದ ಪರಿಚಯ. ಪಾಠ ಮಾಡುವವರು ಬಾದವಾಡಗಿ ಸರ್. ಕೊಟ್ಟ ಕೆಲಸ ಮಾಡಿ ತೋರಿಸಿದರೆ ಇಪ್ಪತ್ತು ಅಂಕ. ಅದರಲ್ಲಿ ಎಂಟಾದರೂ ಬರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಫಕೀರವ್ವನಿಗೆ ಭೂಗೋಳ ತಿಳಿಯಲಿಲ್ಲ, ಎಂಟು ತಿಳಿಯಿತು. ದಿನಾ ಬೆಳಗ್ಗೆ ಬುತ್ತಿ ಕೈಗಿಟ್ಟು ಹೇಳುತ್ತಿದ್ದಳು:

“ಎಂಟು ತಗೊಂಡು ಬಾ, ನನ್ನಪ್ಪ.”

ಮೊದಲ ವಾರ ಸರ್ ಗೋಡೆಗೆ ನಕ್ಷೆ ತೂಗುಹಾಕಿ, ಮೇಲಿರುವುದೇ ಉತ್ತರ ಎಂದರು. ನಿಮ್ಮ ಮನೆಯ ಉತ್ತರದ ಮಣ್ಣು ಒಂದು ಡಬ್ಬಿ ತನ್ನಿ ಎಂದರು. ಗವಿಸಿದ್ದ ಮನೆಗೆ ಬಂದ, ತಲೆ ಎತ್ತಿ ನೋಡಿದ, ಏಣಿ ಹಾಕಿ ಮಾಳಿಗೆ ಹತ್ತಿದ. ಮಣ್ಣಿನ ಮಾಳಿಗೆ. ಅಗೆದು ಒಂದು ಡಬ್ಬಿ ತುಂಬಿಕೊಂಡ. ಮರುದಿನದ ಮಳೆ ನೇರ ಫಕೀರವ್ವನ ಒಲೆಗೇ ಸುರಿಯಿತು.

ಸರ್ ಡಬ್ಬಿಯ ಮಣ್ಣಿನಲ್ಲಿ ಹೊಗೆಯ ಮಸಿ ಕಂಡು ವಿಚಾರಿಸಿದರು. ವಿಷಯ ತಿಳಿದು ಬೈದರು. ಮನೆಯಲ್ಲಿ ಹುಡುಕಿದರೆ ಭೂಗೋಳ ಬರುವುದಿಲ್ಲ, ಓದಿದ ಜಾಗವನ್ನು ಕಾಲಲ್ಲಿ ನಡೆದು ಕಣ್ಣಲ್ಲಿ ನೋಡಬೇಕು ಎಂದು ಬುದ್ಧಿ ಹೇಳಿದರು. ಅಂಕ ಸೊನ್ನೆ.

ಮುಂದಿನ ಪಾಠ ಥಾರ್ ಮರುಭೂಮಿ.

ಮೂರು ದಿನ ಗವಿಸಿದ್ದ ಕಾಣಲಿಲ್ಲ. ಮೂರನೆಯ ದಿನ ಒಬ್ಬ ಟ್ರ್ಯಾಕ್ಟರಿನವನು ಅವನನ್ನು ಮನೆ ಬಾಗಿಲಿಗೆ ತಂದಿಳಿಸಿದ. ಕುಷ್ಟಗಿ ದಾಟಿ ಹೆದ್ದಾರಿ ಹಿಡಿದು ನಡೆಯುತ್ತಿದ್ದನಂತೆ. ಹೆಗಲಲ್ಲಿ ಎರಡು ಕೊಡ ನೀರು, ಚೀಲದಲ್ಲಿ ಒಣ ರೊಟ್ಟಿ. ಎಲ್ಲಿಗೆ ಎಂದರೆ ರಾಜಸ್ಥಾನಕ್ಕೆ ಎಂದನಂತೆ. ಫಕೀರವ್ವ ಬೈಯುವ ಮೊದಲು ಅವನ ಅಂಗಾಲಿನ ಬೊಬ್ಬೆಗೆ ಎಣ್ಣೆ ಹಚ್ಚಿದಳು. ಆಮೇಲೆ ಬೈದಳು.

ಸರ್ ಕೂಡ ಬೈದರು. ಎಲ್ಲದಕ್ಕೂ ನಡೆಯಬಾರದು, ಅಲ್ಲಲ್ಲಿಯ ಜನರನ್ನು ಕೇಳಬೇಕು, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಬೇಕು ಎಂದರು. ಅಂಕ ಸೊನ್ನೆ.

ಗವಿಸಿದ್ದ ಸಂತೆಗೆ ಹೋದ. ಈ ಭಾಗದ ಮುಖ್ಯ ಬೆಳೆ ಯಾವುದು ಎಂದು ಕಂಡಕಂಡವರನ್ನು ಕೇಳಿದ, ಒಂದಕ್ಷರ ಬಿಡದೆ ಬರೆದ. ನಲವತ್ತು ಹಾಳೆ ತುಂಬಿತು. ಸರ್ ಮೊದಲ ಹಾಳೆ ಓದಿದರು: “ಆಚೆ ಸರಿಯೋ ತಮ್ಮಾ, ಮೆಣಸಿನಕಾಯಿ ಮ್ಯಾಲೆ ನಿನ್ನ ನೆಳ್ಳು ಬೀಳಾಕತ್ತೈತಿ.” ಎರಡನೆಯ ಹಾಳೆಯಲ್ಲಿ ಒಬ್ಬಾಕೆ ತನ್ನ ಸೊಸೆಯ ಬಗ್ಗೆ ಹೇಳಿದ್ದಳು. ಮೂರನೆಯ ಹಾಳೆಯಲ್ಲೂ ಅದೇ ಸೊಸೆ. ಬೆಳೆ ಎಲ್ಲೂ ಇರಲಿಲ್ಲ.

ಸರ್ ನಗಲಿಲ್ಲ. ಅವರಿಗೆ ಆ ಹುಡುಗನ ಮೇಲೆ ಮರುಕ ಹುಟ್ಟಿತ್ತು. ಹತ್ತಿರ ಕೂರಿಸಿಕೊಂಡು ಹೇಳಿದರು:

“ನೋಡಪ್ಪಾ, ಇದು ಕಡೇ ಅವಕಾಶ. ಒಂದೇ ಒಂದು ಸಂಗತಿ ಹಿಡಿ. ಅದು ಎಲ್ಲೀತನಕ ಐತೋ ಅಲ್ಲೀತನಕ ಒಂದು ಪ್ರದೇಶ. ಅದು ಮುಗಿದ ಕಡೆ ಗೆರೆ ಎಳಿ. ಹಾಳೆ ಮಾತ್ರ ನನಗ ಇನ್ನೊಂದೂ ತರಬ್ಯಾಡ.”

ಗವಿಸಿದ್ದನಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ ಒಂದೇ, ಅವ್ವನ ರೊಟ್ಟಿ. ಒಂದು ವಾರ ಅವನು ರೊಟ್ಟಿಯ ಬೆನ್ನು ಹತ್ತಿದ. ಯಾವ ಓಣಿಗೆ ಹೋಗುತ್ತದೆ, ಯಾರ ಮನೆ ಸೇರುತ್ತದೆ, ಎಲ್ಲಿಂದ ಆಚೆ ಹೋಗುವುದಿಲ್ಲ, ಎಲ್ಲ ನೋಡಿದ. ಹಾಳೆ ಬೇಡವೆಂದಿದ್ದರಲ್ಲ, ಎರಡು ಚೀಲ ಸುಣ್ಣದ ಪುಡಿ ತಂದು ಊರಿನ ನೆಲದ ಮೇಲೇ ಗೆರೆ ಎಳೆದ.

ಸೋಮವಾರ ಬೆಳಗ್ಗೆ ಬಾದವಾಡಗಿ ಸರ್ ಬಾಗಿಲು ತೆರೆದರೆ ಕಾಂಪೌಂಡಿನ ಹೊರಗೆ ಬಿಳಿ ಗೆರೆ. ಅವರ ಮನೆಗೂ ಗುರುವಾರ ಗುರುವಾರ ಫಕೀರವ್ವನ ರೊಟ್ಟಿ ಬರುತ್ತಿತ್ತು. ಸರ್ ಚಪ್ಪಲಿ ಮೆಟ್ಟಿ ಗೆರೆಯ ಗುಂಟ ನಡೆದರು. ಗೆರೆ ಚರಂಡಿ ದಾಟಿತು, ಹಿಟ್ಟಿನ ಗಿರಣಿ ಸುತ್ತಿತು, ಬಸ್ ಡಿಪೋದ ಹಿಂದೆ ಹೋಯಿತು. ಎಲ್ಲೂ ತಪ್ಪಿರಲಿಲ್ಲ. ಒಳಗೆ ಮೂವತ್ತೊಂದು ಮನೆ.

ಒಂದೇ ಕಡೆ ಗೆರೆ ಸೊಟ್ಟಗೆ ಒಳಸರಿದಿತ್ತು. ಒಂದು ಮನೆಯನ್ನು ಹೊರಗೆ ಬಿಟ್ಟಿತ್ತು. ಅದು ಗವಿಸಿದ್ದನ ಮನೆ.

ಕಟ್ಟೆಯ ಮೇಲೆ ಕೂತಿದ್ದ ಗವಿಸಿದ್ದನನ್ನು ಸರ್ ಕೇಳಿದರು, ಇದ್ಯಾಕೆ ಹೊರಗೆ ಬಿಟ್ಟೆ ಎಂದು.

“ಇಲ್ಲಿ ರೊಟ್ಟಿ ಇರಂಗಿಲ್ರಿ ಸರ್. ಎಲ್ಲಾ ಮಾರಾಕ ಹೋಗ್ತಾವು. ನನ್ನ ಬುತ್ತಿಗೂ, ಅವ್ವನ ಗಂಗಾಳಕ್ಕೂ ನುಚ್ಚ ರೀ. ರಾಜಸ್ಥಾನಕ್ಕ ಒಯ್ದಿದ್ದು ಮಾರಾಕ ಇಟ್ಟಿದ್ದು, ಅದಕ್ಕ ಬೈಸಿಕೊಂಡೆ.”

ಒಲೆಯ ಮುಂದಿದ್ದ ಫಕೀರವ್ವನ ಕೈ ನಿಂತಿತು. ಅವಳು ತವೆಯ ಮೇಲಿನ ಬಿಸಿ ರೊಟ್ಟಿ ತೆಗೆದು ಗಂಗಾಳಕ್ಕೆ ಹಾಕಿ, ಮಗನ ಮುಂದಿಟ್ಟು, ಉಣ್ಣು ಎಂದಳು.

ಗವಿಸಿದ್ದ ಮುಟ್ಟಲಿಲ್ಲ. ಸುಣ್ಣದ ಪುಡಿ ತಂದ. ಸೊಟ್ಟ ಗೆರೆಯನ್ನು ಕಾಲಲ್ಲಿ ಅಳಿಸಿ, ಮನೆಯನ್ನು ಒಳಗೆ ಸೇರಿಸಿ ಹೊಸ ಗೆರೆ ಎಳೆದ. ಮನೆ ಮೂವತ್ತೆರಡಾಯಿತು. ಆಮೇಲೂ ಗಂಗಾಳ ಹಿಡಿದುಕೊಂಡು ಸುಮ್ಮನೆ ಕೂತ.

“ಆರಿ ಹೋಗತೈತಿ, ಉಣ್ಣೋ.”

“ಉಂಡ್ರ ಮುಗೀತೈತಿ ಅವ್ವ. ಮತ್ತ ಮನಿ ಹೊರಗ ಹೋಗತೈತಿ.”

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನು ಮೇಲೆ ದಿನಾ ಎರಡು ಇಡುತ್ತೇನೆ, ಮುಗಿಯುವುದಿಲ್ಲ ಎಂದಳು. ಆಗ ಅವನು ರೊಟ್ಟಿ ಮುರಿದ. ಅರ್ಧ ಅವಳಿಗೆ ಕೊಟ್ಟ.

ಸರ್ ಜೇಬಿನಿಂದ ಅಂಕಪಟ್ಟಿ ತೆಗೆದು, ಗವಿಸಿದ್ದನ ಹೆಸರಿನ ಮುಂದೆ ಹದಿನಾರು ಎಂದು ಬರೆದು ತೋರಿಸಿದರು. ಗವಿಸಿದ್ದ ನೋಡಿದ. ಎದ್ದು ನಿಂತು ಕೈ ಮುಗಿದ.

“ಅವ್ವ ಎಂಟ ತಾ ಅಂದಾಳ್ರಿ ಸರ್. ಉಳಿದದ್ದು ನಿಮ್ಮ ಹತ್ರನ ಇರ್ಲಿ.”

ಸರ್ ಹೇಳಿ ನೋಡಿದರು. ಫಕೀರವ್ವ ಬೈದು ನೋಡಿದಳು. ಅವನು ಕೈ ಮುಗಿದೇ ನಿಂತಿದ್ದ. ಕೊನೆಗೆ ಸರ್ ಹದಿನಾರನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದರು.

ಎಂಟು.